16 ಎಂಬಿಯೊಳಗಿನ ಸಂಸಾರ: ಹಳೇ ರೂಟರ್‌ಗೆ ಓಪನ್‌ವರ್ಟ್ ಹಾಕುವುದು

ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಹಿಂದೆ ಧೂಳು ಹಿಡಿದು ಕೂತಿದ್ದ ರೂಟರನ್ನು ಎತ್ತಿ, ತಲೆಕೆಳಗು ಮಾಡಿ, ಫೋನಿನ ಟಾರ್ಚ್ ಬಿಟ್ಟು ನೋಡಿದೆ. ಟಿಪಿ-ಲಿಂಕ್ ಆರ್ಚರ್ ಸಿ7. ಸ್ಟಿಕ್ಕರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಆವೃತ್ತಿ 2.0 ಅಂತ ಅಚ್ಚಾಗಿತ್ತು. ನನಗೆ ಬೇಕಾಗಿದ್ದದ್ದು ಆ ಒಂದು ಅಂಕಿ. ಇದೇ ಹೆಸರಿನ ಮೊದಲ ಆವೃತ್ತಿ ಆಗಿದ್ದಿದ್ದರೆ ಅದರ 5 ಗಿಗಾಹರ್ಟ್ಸ್ ವೈಫೈ ಚಿಪ್‌ಗೆ ಓಪನ್‌ವರ್ಟ್‌ನಲ್ಲಿ ಡ್ರೈವರೇ ಇಲ್ಲ, ಅರ್ಧ ರೂಟರ್ ಕೆಲಸಕ್ಕೆ ಬಾರದು. ರೂಟರ್‌ಗಳಲ್ಲಿ ಮಾಡೆಲ್ ಹೆಸರು ಅಂದರೆ ಮನೆತನದ ಹೆಸರಿದ್ದ ಹಾಗೆ. ಒಳಗಿರುವ ಆಸಾಮಿ ಯಾರು ಅಂತ ತಿಳಿಯಬೇಕಾದರೆ ಆವೃತ್ತಿಯ ಸಂಖ್ಯೆ ನೋಡಬೇಕು. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಚಿಪ್ ಬದಲಾಗಿರುತ್ತದೆ, ಮೆಮೊರಿ ಬದಲಾಗಿರುತ್ತದೆ, ಕೆಲವೊಮ್ಮೆ ಡಬ್ಬಿ ಬಿಟ್ಟು ಮತ್ತೆಲ್ಲ ಬದಲಾಗಿರುತ್ತದೆ.

ಓಪನ್‌ವರ್ಟ್ ಅಂದರೆ ಏನು ಅಂತ ಚಿಕ್ಕಮ್ಮ ಕೇಳಿದಾಗ ‘ರೂಟರ್‌ಗೆ ಹೊಸ ತಲೆ’ ಅಂದಿದ್ದೆ. ಅದು ಅರ್ಧ ಸತ್ಯ. ರೂಟರ್ ಒಂದು ಪುಟ್ಟ ಕಂಪ್ಯೂಟರ್. ಈ ಆರ್ಚರ್‌ನಲ್ಲಿ 720 ಮೆಗಾಹರ್ಟ್ಸ್‌ನ ಒಂದು ಮಿಪ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಇದೆ. ಹೌದು, ಜಿಬಿ ಅಲ್ಲ, ಎಂಬಿ. ಈಗಿನ ಫೋನಿನಲ್ಲಿ ತೆಗೆದ ಮೂರು ನಾಲ್ಕು ಫೋಟೋ ಇಟ್ಟರೆ ತುಂಬಿಹೋಗುವ ಜಾಗ. ಅಷ್ಟರಲ್ಲೇ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಫೈರ್‌ವಾಲ್, ವೈಫೈ, ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕುವ ಡಿಎನ್ಎಸ್, ಸೆಟ್ಟಿಂಗ್ ಮಾಡಲು ಬ್ರೌಸರಿನಲ್ಲಿ ತೆರೆಯುವ ಪುಟಗಳು, ಎಲ್ಲವೂ ಸಂಸಾರ ಹೂಡುತ್ತವೆ. ಕಂಪನಿ ಹಾಕಿ ಕಳಿಸಿದ ಸಾಫ್ಟ್‌ವೇರ್ ತೆಗೆದು, ಅದೇ ಜಾಗದಲ್ಲಿ ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದು ಪೂರ್ಣ ಲಿನಕ್ಸ್ ಕೂರಿಸುವುದೇ ಓಪನ್‌ವರ್ಟ್ ಹಾಕುವುದು. ಬಿಡಿಸಿ ಹೇಳಿದರೆ ಓಪನ್ ಡಬ್ಲ್ಯು-ಆರ್-ಟಿ. ಬಾಯಲ್ಲಿ ಅದು ಓಪನ್‌ವರ್ಟ್ ಆಗಿ ಸವೆದಿದೆ.

ಆ ಮೂರು ಅಕ್ಷರಕ್ಕೆ ಒಂದು ಕಥೆ ಇದೆ. 2002ರ ಕೊನೆಗೆ ಅಮೆರಿಕದಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅನ್ನುವ ರೂಟರ್ ತಂದಿತು. ನೀಲಿ-ಕಪ್ಪು ಡಬ್ಬಿ, ಎರಡು ಆಂಟೆನಾ. 2003ರ ಜೂನ್‌ನಲ್ಲಿ ಆ್ಯಂಡ್ರೂ ಮಿಕ್ಲಾಸ್ ಎಂಬವರು ಅದರೊಳಗೆ ಲಿನಕ್ಸ್ ಓಡುತ್ತಿರುವುದನ್ನು ಕಂಡು ಬಹಿರಂಗಪಡಿಸಿದರು. ಲಿನಕ್ಸ್‌ನ ಪರವಾನಗಿಯಾದ ಜಿಪಿಎಲ್ ಪ್ರಕಾರ, ಅದನ್ನು ಬಳಸಿ ಸಾಮಾನು ಮಾರಿದವರು ಕೇಳಿದವರಿಗೆ ಸೋರ್ಸ್ ಕೋಡ್ ಕೊಡಬೇಕು. ಅಷ್ಟರಲ್ಲಿ ಲಿಂಕ್‌ಸಿಸ್ ಸಿಸ್ಕೋ ಕೈ ಸೇರಿತ್ತು. ಒತ್ತಾಯ ಹೆಚ್ಚಿದ ಮೇಲೆ ಕೋಡ್ ಹೊರಗೆ ಬಂತು, 2004ರ ಜನವರಿಯಲ್ಲಿ ಅದರ ಮೇಲೆ ಓಪನ್‌ವರ್ಟ್ ಶುರುವಾಯಿತು. ಇದರಲ್ಲಿ ನನಗೆ ನಗು ಬರಿಸುವುದು ಮುಂದಿನ ಭಾಗ. 2005ರಲ್ಲಿ ಅದೇ ರೂಟರ್‌ನ ಐದನೇ ಆವೃತ್ತಿಯಲ್ಲಿ ಲಿನಕ್ಸನ್ನೇ ತೆಗೆದು ವಿಎಕ್ಸ್‌ವರ್ಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರು, ಫ್ಲ್ಯಾಶನ್ನು 2 ಎಂಬಿಗೆ ಇಳಿಸಿದರು. ಆದರೆ ಲಿನಕ್ಸ್ ಬೇಕು ಅನ್ನುವ ಗಿರಾಕಿಗಳು ಸಾಕಷ್ಟಿದ್ದರು. ಹಾಗಾಗಿ ಹಳೇ ಯಂತ್ರಾಂಶವನ್ನೇ ಹೆಸರಿನ ಕೊನೆಗೆ ಒಂದು ‘ಎಲ್’ ಅಂಟಿಸಿ ಬೇರೆಯಾಗಿ ಮಾರಿದರು!

ಇವತ್ತು ಓಪನ್‌ವರ್ಟ್ ನೂರಾರು ಮಾಡೆಲ್‌ಗಳ ಮೇಲೆ ಓಡುತ್ತದೆ. ಮೊದಮೊದಲು ಆವೃತ್ತಿಗಳಿಗೆ ಕಾಕ್‌ಟೇಲ್‌ಗಳ ಹೆಸರಿಡುತ್ತಿದ್ದರು, ಲಾಗಿನ್ ಆದರೆ ಪರದೆಯ ಮೇಲೆ ಆ ಪಾನೀಯ ಮಾಡುವ ವಿಧಾನವೂ ಬರುತ್ತಿತ್ತು. 2016ರಲ್ಲಿ ಒಂದಿಷ್ಟು ಡೆವಲಪರ್‌ಗಳು ಮನಸ್ತಾಪದಿಂದ ಲೀಡ್ ಅನ್ನುವ ಹೆಸರಲ್ಲಿ ಬೇರೆ ಮನೆ ಮಾಡಿದರು, 2018ರಲ್ಲಿ ಮತ್ತೆ ಒಂದಾದರು. ಅಲ್ಲಿಂದೀಚೆಗೆ ವರ್ಷ-ತಿಂಗಳಿನ ಸಂಖ್ಯೆಯೇ ಹೆಸರು: 18.06, 19.07, 21.02, ಹೀಗೆ. 24.10 ಅಂದರೆ 2024ರ ಅಕ್ಟೋಬರ್ ಅನ್ನುವ ಲೆಕ್ಕ. ಬಿಡುಗಡೆ ಆದದ್ದು ಮಾತ್ರ 2025ರ ಫೆಬ್ರವರಿಯಲ್ಲಿ. ಸಾಫ್ಟ್‌ವೇರ್‌ನವರ ಮುಹೂರ್ತವೇ ಹಾಗೆ.

ಫ್ಲ್ಯಾಶ್ ಚಿಪ್ಪಿನ ಒಳಗೆ

ಇದನ್ನು ಮೊದಲ ಸಲ ಮಾಡುವವರಿಗೆ ಇರುವ ಭಯ ಒಂದೇ, ಎಲ್ಲಿ ಬ್ರಿಕ್ ಆಗಿಬಿಡುತ್ತದೋ ಅಂತ. ಬ್ರಿಕ್ ಅಂದರೆ ಇಟ್ಟಿಗೆ. ಲೈಟು ಉರಿಯದ, ಮಾತಾಡದ ಪ್ಲಾಸ್ಟಿಕ್ ತುಂಡು. ಈ ಭಯ ಹೋಗುವುದು ಧೈರ್ಯದ ಮಾತಿನಿಂದಲ್ಲ, ಆ 16 ಎಂಬಿ ಹೇಗೆ ಹಂಚಿಹೋಗಿದೆ ಅನ್ನುವುದು ಗೊತ್ತಾದಾಗ. ಆದ್ದರಿಂದ ಬಟನ್ ಒತ್ತುವ ಮೊದಲು ಇಲ್ಲೊಂದು ಸ್ವಲ್ಪ ಕೂರೋಣ.

ಚಿಪ್ಪಿನ ತೀರಾ ಮೊದಲ 128 ಕೆಬಿ ಬೂಟ್‌ಲೋಡರ್‌ನದು. ಇದರ ಹೆಸರು ಯು-ಬೂಟ್. ಕರೆಂಟ್ ಬಂದ ಕೂಡಲೇ ಎಚ್ಚರಾಗುವವನು ಇವನೇ. ರ‍್ಯಾಮ್ ಸರಿಯಿದೆಯಾ ನೋಡಿ, ಕರ್ನಲ್ಲನ್ನು ಎತ್ತಿ ರ‍್ಯಾಮಿಗೆ ಹಾಕಿ, ‘ಇನ್ನು ನಿನ್ನ ಪಾಲು’ ಅಂತ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಚಿಪ್ಪಿನ ತೀರಾ ಕೊನೆಯ 64 ಕೆಬಿಗೆ ‘ಆರ್ಟ್’ ಅಂತ ಹೆಸರು. ಚಿತ್ರಕಲೆಗೂ ಇದಕ್ಕೂ ಸಂಬಂಧವಿಲ್ಲ. ಕಾರ್ಖಾನೆಯಲ್ಲಿ ಈ ಒಂದು ರೂಟರ್‌ನ ರೇಡಿಯೋವನ್ನು ಅಳೆದು ತಿದ್ದಿದ ಲೆಕ್ಕಗಳು ಅಲ್ಲಿ ಬರೆದಿರುತ್ತವೆ. ನಾನು ಇದನ್ನು ರೂಟರ್‌ನ ಜಾತಕ ಅನ್ನುತ್ತೇನೆ. ಹುಟ್ಟಿದಾಗ ಒಮ್ಮೆ ಬರೆದದ್ದು, ಪಕ್ಕದ ಮನೆಯ ರೂಟರ್‌ನದು ತಂದು ಹಾಕಿದರೆ ಹೊಂದುವುದಿಲ್ಲ, ಅಳಿಸಿದರೆ ವೈಫೈ ಮತ್ತೆ ಸರಿಯಾಗಿ ಮೇಲೇಳುವುದಿಲ್ಲ.

ಈ ಎರಡರ ನಡುವಿನ ಜಾಗವೇ ಫರ್ಮ್‌ವೇರ್. ನಾವು ‘ಫ್ಲ್ಯಾಶ್ ಮಾಡುವುದು’ ಅಂದಾಗ ಬದಲಾಗುವುದು ಈ ನಡುಮನೆ ಮಾತ್ರ. ಹೊಸ್ತಿಲಿನ ಯು-ಬೂಟ್, ಹಿತ್ತಲಿನ ಜಾತಕ ಎರಡೂ ಹಾಗೇ ಇರುತ್ತವೆ. ಹೊಸ್ತಿಲು ಗಟ್ಟಿ ಇರುವ ತನಕ ನಡುಮನೆ ಎಷ್ಟು ಹಾಳಾದರೂ ಮತ್ತೆ ಕಟ್ಟಬಹುದು. ಜನ ಬ್ರಿಕ್ ಆಯಿತು ಅನ್ನುವ ಹತ್ತರಲ್ಲಿ ಒಂಬತ್ತು ಸಲ ಆಗಿರುವುದು ಇಷ್ಟೇ: ನಡುಮನೆ ಬಿದ್ದಿದೆ, ಹೊಸ್ತಿಲು ನೆಟ್ಟಗಿದೆ.

ನಡುಮನೆಯಲ್ಲೂ ಒಂದು ಉಪಾಯ ಇದೆ, ನನಗೆ ಓಪನ್‌ವರ್ಟ್‌ನಲ್ಲಿ ಅತ್ಯಂತ ಇಷ್ಟವಾದದ್ದು. ಅದರ ಮೊದಲ ತುಂಡು ಕರ್ನಲ್. ಅದರ ಹಿಂದೆ ಸ್ಕ್ವಾಶ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ. ಎಲ್ಲವನ್ನೂ ಒತ್ತಿ ಒತ್ತಿ ಹಿಂಡಿಟ್ಟಿರುತ್ತದೆ, ಓದಬಹುದು, ಬರೆಯಲಾಗದು. ಮಿಕ್ಕಿದ ಖಾಲಿ ಜಾಗದಲ್ಲಿ ಬರೆಯಬಹುದಾದ ಇನ್ನೊಂದು ಪದರ. ಇದಕ್ಕೆ ಓವರ್‌ಲೇ ಅಂತಾರೆ. ಸ್ಕೂಲಿನಲ್ಲಿ ಭೂಪಟದ ಮೇಲೆ ಬಟರ್ ಪೇಪರ್ ಇಟ್ಟು ನದಿಗಳನ್ನು ಬರೆದದ್ದು ನೆನಪಿದೆಯಲ್ಲ, ಥೇಟ್ ಹಾಗೆ. ಕೆಳಗಿನ ಭೂಪಟ ಅಚ್ಚಾದದ್ದು, ಅದಕ್ಕೆ ಕಲೆ ತಾಗುವುದಿಲ್ಲ. ನೀವು ವೈಫೈ ಪಾಸ್‌ವರ್ಡ್ ಬದಲಿಸಿದಿರಿ, ಒಂದು ಪ್ಯಾಕೇಜ್, ಅಂದರೆ ಹೆಚ್ಚುವರಿ ಸಾಫ್ಟ್‌ವೇರ್ ಹಾಕಿದಿರಿ ಅಂದರೆ ಗೆರೆ ಬಿದ್ದದ್ದು ಬಟರ್ ಪೇಪರ್ ಮೇಲೆ. ಮೇಲಿನಿಂದ ನೋಡಿದವರಿಗೆ ಎರಡೂ ಸೇರಿ ಒಂದೇ ಚಿತ್ರ.

ಇಷ್ಟು ಗೊತ್ತಾದರೆ ಹಲವು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಫ್ಯಾಕ್ಟರಿ ರೀಸೆಟ್ ಅಂದರೇನು? ಬಟರ್ ಪೇಪರ್ ಹರಿದು ಹೊಸದು ಇಡುವುದು. ಅದಕ್ಕೇ ಅದು ಅಷ್ಟು ಬೇಗ ಮುಗಿಯುತ್ತದೆ. ಮೊದಲೇ ಬಂದ ಒಂದು ಪ್ಯಾಕೇಜನ್ನು ತೆಗೆದುಹಾಕಿದರೂ ಯಾಕೆ ಜಾಗ ಹೆಚ್ಚುವುದಿಲ್ಲ? ಯಾಕಂದರೆ ಅದು ಕೆಳಗಿನ ಅಚ್ಚಿನಲ್ಲಿದೆ. ನೀವು ಮಾಡಿದ್ದು ಮೇಲಿನ ಹಾಳೆಯಲ್ಲಿ ‘ಇದನ್ನು ಕಾಣಿಸಬೇಡ’ ಅಂತ ಒಂದು ಗುರುತು ಹಾಕಿದ್ದು ಅಷ್ಟೇ. ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ ಅಭ್ಯಾಸ ಇರುವವರು ಎಲ್ಲ ಪ್ಯಾಕೇಜುಗಳನ್ನೂ ಒಂದೇ ಏಟಿಗೆ ಅಪ್‌ಗ್ರೇಡ್ ಮಾಡಲು ಹೋಗಿ ಯಾಕೆ ಕೆಡುತ್ತಾರೆ? ಹಳೆಯದು ಕೆಳಗೆ ಹಾಗೇ ಕೂತಿರುತ್ತದೆ, ಹೊಸದು ಮೇಲೆ ಮತ್ತೊಂದು ಪ್ರತಿಯಾಗಿ ಬರೆಸಿಕೊಳ್ಳುತ್ತದೆ. ನಮ್ಮ ಆರ್ಚರ್‌ನಲ್ಲಿ ಆ ಮೇಲಿನ ಹಾಳೆಯ ಅಗಲ ಏಳೆಂಟು ಎಂಬಿ. ತುಂಬಲು ಎಷ್ಟು ಹೊತ್ತು?

ಜಾಗದ ವಿಷಯ ಬಂದಾಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಮನೆಮನೆಗೆ ಮಾರಾಟವಾದ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ಥರದ ಅಗ್ಗದ ರೂಟರ್‌ಗಳಲ್ಲಿ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುತ್ತದೆ. ಅವಕ್ಕೆ 19.07ರ ಹೊತ್ತಿಗೇ ಬಾಗಿಲು ಮುಚ್ಚಿತು. ಕರ್ನಲ್ ವರ್ಷವರ್ಷಕ್ಕೆ ದಪ್ಪಗಾಗುತ್ತದೆ, 4 ಎಂಬಿ ಚಿಪ್ಪು ಇದ್ದಷ್ಟೇ ಇರುತ್ತದೆ. 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಇದ್ದರೆ ಉಸಿರಾಡಬಹುದು. 16 ಮತ್ತು 128 ಇದ್ದರೆ ನೆಮ್ಮದಿ. ಹೊಸದಾಗಿ ಕೊಳ್ಳುವವರಿಗೆ ಜಿಎಲ್-ಐನೆಟ್‌ನ ‘ಮ್ಯಾಂಗೋ’ ಅನ್ನುವ ಅಂಗೈಯಗಲದ ಹಳದಿ ಡಬ್ಬಿ ಕಲಿಯಲು ಒಳ್ಳೆಯದು. ಅದರಲ್ಲೂ ಇದೇ 16 ಮತ್ತು 128, ಓಪನ್‌ವರ್ಟ್‌ನಿಂದಲೇ ಹುಟ್ಟಿದ ಸಾಫ್ಟ್‌ವೇರ್ ಕಾರ್ಖಾನೆಯಿಂದಲೇ ಬಂದಿರುತ್ತದೆ. 2024ರ ನವೆಂಬರಿನಲ್ಲಿ ಯೋಜನೆಯವರೇ ಬನಾನಾ ಪೈ ಜೊತೆ ಸೇರಿ ‘ಓಪನ್‌ವರ್ಟ್ ಒನ್’ ಅನ್ನುವ ತಮ್ಮದೇ ರೂಟರ್ ತಂದರು. 1 ಜಿಬಿ ರ‍್ಯಾಮ್, ಎರಡು ಪ್ರತ್ಯೇಕ ಫ್ಲ್ಯಾಶ್ ಚಿಪ್ಪು. ಒಂದು ಕೆಟ್ಟರೆ ಇನ್ನೊಂದರಿಂದ ಎಬ್ಬಿಸಬಹುದು, ಬದಲಿಸಲು ಒಂದು ಪುಟ್ಟ ಸ್ವಿಚ್ ಇದೆ. ಹೊಸ್ತಿಲು ಮುರಿಯುವ ಭಯವನ್ನೇ ತೆಗೆದುಹಾಕಿದ ವಿನ್ಯಾಸ ಅದು.

ಮೂರು ನಿಮಿಷದ ಕೆಲಸ

ಪ್ರತಿ ಮಾಡೆಲ್‌ಗೆ ಎರಡು ಬಗೆಯ ಫೈಲ್ ಇರುತ್ತವೆ, ಫ್ಯಾಕ್ಟರಿ ಮತ್ತು ಸಿಸ್‌ಅಪ್‌ಗ್ರೇಡ್. ಕಂಪನಿಯ ಸಾಫ್ಟ್‌ವೇರ್‌ನಿಂದ ಮೊದಲ ಸಲ ಓಪನ್‌ವರ್ಟ್‌ಗೆ ದಾಟುವಾಗ ಫ್ಯಾಕ್ಟರಿ ಬೇಕು. ಕಂಪನಿಯ ಅಪ್‌ಡೇಟ್ ಪುಟ ತನ್ನದೇ ಫೈಲ್ ಅಂತ ನಂಬುವಂತೆ ಅದಕ್ಕೆ ಬೇಕಾದ ತಲೆಬರಹ ಹಾಕಿ, ಬೇಕಾದ ಉದ್ದಕ್ಕೆ ಹಿಗ್ಗಿಸಿರುತ್ತಾರೆ. ಅದಕ್ಕೇ ಫ್ಯಾಕ್ಟರಿ ಫೈಲ್ ದೊಡ್ಡದಾಗಿ ಕಾಣುತ್ತದೆ, ಬಹುಪಾಲು ಬರೀ ಹೊಟ್ಟು. ಒಮ್ಮೆ ಓಪನ್‌ವರ್ಟ್ ಬಂದ ಮೇಲೆ ಮುಂದಿನ ಅಪ್‌ಗ್ರೇಡ್‌ಗಳಿಗೆಲ್ಲ ಸಿಸ್‌ಅಪ್‌ಗ್ರೇಡ್ ಫೈಲ್. ಸಿ7ರ ಎರಡನೇ ಆವೃತ್ತಿಗೆ ಫ್ಯಾಕ್ಟರಿಯಲ್ಲೂ ಸಾಧಾರಣ, ಅಮೆರಿಕ, ಯುರೋಪ್ ಅಂತ ಮೂರು ಬಗೆ. ಮೊದಲೇ ಇರುವ ಸಾಫ್ಟ್‌ವೇರ್ ಯಾವ ಪ್ರದೇಶದ್ದು ಅನ್ನುವುದರ ಮೇಲೆ ಆಯ್ಕೆ.

ಫೈಲ್ ಇಳಿಸಿದ ಮೇಲೆ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚು ಇದ್ದ ಹಾಗೆ) ಡೌನ್‌ಲೋಡ್ ಪುಟದಲ್ಲಿರುವುದರ ಜೊತೆ ತಾಳೆ ನೋಡಬೇಕು. 64 ಅಕ್ಷರದ ಆ ಸರಪಳಿಯನ್ನು ಕಣ್ಣಲ್ಲಿ ಪೂರ್ತಿ ಓದುವ ತಾಳ್ಮೆ ನನಗಿಲ್ಲ. ಎರಡನ್ನೂ ಒಂದರ ಕೆಳಗೊಂದು ಅಂಟಿಸಿ ನೋಡಿದರೆ ತಪ್ಪಿದ್ದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಟಿಪಿ-ಲಿಂಕ್‌ನ ಹಳೇ ಪುಟಗಳಿಗೆ ಫೈಲಿನ ಉದ್ದ ಹೆಸರು ಆಗಿಬರುವುದಿಲ್ಲ, ಆದ್ದರಿಂದ ಚಿಕ್ಕ ಹೆಸರಿಡಬೇಕು. ಲ್ಯಾಪ್‌ಟಾಪನ್ನು ವೈಫೈ ಬದಲು ಕೇಬಲ್ಲಿನಿಂದಲೇ ರೂಟರ್‌ನ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು.

ನಮ್ಮ ಕಡೆಯವರಿಗೆ ಇಲ್ಲೊಂದು ಹೆಚ್ಚುವರಿ ಹೆಜ್ಜೆ ಇದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಫ್ಲ್ಯಾಶ್ ಬರೆಯುತ್ತಿರುವ ಆ ಎರಡು ಮೂರು ನಿಮಿಷದಲ್ಲಿ ಕರೆಂಟ್ ಹೋದರೆ ನಡುಮನೆ ಅರ್ಧ ಹಳೆಯದು, ಅರ್ಧ ಹೊಸದು. ನಾನು ರೂಟರ್‌ನ ಅಡಾಪ್ಟರನ್ನು ಇನ್ವರ್ಟರ್ ಇರುವ ಪ್ಲಗ್ಗಿಗೆ ಹಾಕಿ, ಮೇನ್ ಸ್ವಿಚ್ ಒಮ್ಮೆ ಆರಿಸಿ, ಲೈಟು ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಅಪ್‌ಗ್ರೇಡ್ ಬಟನ್ ಒತ್ತಿದ್ದು. ಚಿಕ್ಕಮ್ಮನ ಮಿಕ್ಸರ್ ಅರ್ಧ ಚಟ್ನಿಯಲ್ಲಿ ನಿಂತಿತು. ಅದರ ಮಾತು ಬೇರೆ.

ಬಟನ್ ಒತ್ತಿದೆ. ಪರದೆಯ ಮೇಲೆ ಶೇಕಡಾ ಲೆಕ್ಕ ಏರಿತು, ನೂರಾಯಿತು, ಪುಟ ಹೋಯಿತು. ಲೈಟುಗಳೆಲ್ಲ ಒಮ್ಮೆ ಆರಿ ಮತ್ತೆ ಬಂದವು. ಬ್ರೌಸರ್ ಮಾತ್ರ ‘ಸಿಗುತ್ತಿಲ್ಲ’ ಅನ್ನುತ್ತ ಕೂತಿತು. ಫೋನಿನಲ್ಲಿ ವೈಫೈ ಹೆಸರೂ ಕಾಣೆ. ಐದು ನಿಮಿಷ, ಹತ್ತು ನಿಮಿಷ. ‘ಸುಟ್ಟು ಹಾಕಿದ್ಯೇನೋ?’ ಅಂತ ಅಡುಗೆಮನೆಯಿಂದ ಪ್ರಶ್ನೆ. ನನಗೆ ಇದು ಐದನೆಯದೋ ಆರನೆಯದೋ ರೂಟರ್ ಆದ್ದರಿಂದ ಬೆವರಲಿಲ್ಲ. ಆದರೆ ಹಿಂದೊಮ್ಮೆ, ಮೊದಲನೆಯದರಲ್ಲಿ, ಇದೇ ಹಂತದಲ್ಲಿ ಗಾಬರಿಯಿಂದ ಪ್ಲಗ್ ಕಿತ್ತು ನಿಜವಾಗಿಯೂ ಕೆಡಿಸಿದವನು ನಾನು.

ಆಗಿರುವುದು ಸರಳ. ಹಳೇ ಸಾಫ್ಟ್‌ವೇರ್‌ನಲ್ಲಿ ರೂಟರ್‌ನ ವಿಳಾಸ 192.168.0.1. ಓಪನ್‌ವರ್ಟ್ ಎದ್ದು ನಿಲ್ಲುವುದು 192.168.1.1ರಲ್ಲಿ. ಲ್ಯಾಪ್‌ಟಾಪ್ ಇನ್ನೂ ಹಳೇ ಬೀದಿಯ ನಂಬರ್ ಹಿಡಿದುಕೊಂಡು ಹಳೇ ಬಾಗಿಲು ತಟ್ಟುತ್ತಿದೆ. ಕೇಬಲ್ ಒಮ್ಮೆ ಕಿತ್ತು ಹಾಕಿದರೆ ಹೊಸ ವಿಳಾಸ ಸಿಗುತ್ತದೆ, ಆಮೇಲೆ ಬ್ರೌಸರಿನಲ್ಲಿ ಹೊಸ ವಿಳಾಸ ಹೊಡೆಯುವುದು. ವೈಫೈ ಕಾಣೆಯಾಗಿದ್ದು ಯಾಕೆ? ಓಪನ್‌ವರ್ಟ್ ವೈಫೈಯನ್ನು ಆರಿಸಿಟ್ಟೇ ಬರುತ್ತದೆ. ಪಾಸ್‌ವರ್ಡ್ ಇಲ್ಲದ ವೈಫೈಯನ್ನು ತಾನಾಗಿ ಬೀದಿಗೆ ಬಿಡಬಾರದು ಅನ್ನುವ ಎಚ್ಚರಿಕೆ. ನಾನು ಇದನ್ನು ಮೆಚ್ಚುತ್ತೇನೆ, ಆದರೆ ಎಷ್ಟು ಜನರ ರಕ್ತದೊತ್ತಡ ಏರಿಸಿದೆಯೋ!

ಲೂಸಿ ಅನ್ನುವ ಹೆಸರಿನ ಪುಟ ತೆರೆದುಕೊಳ್ಳುತ್ತದೆ. ಬಳಕೆದಾರ ರೂಟ್, ಪಾಸ್‌ವರ್ಡ್ ಖಾಲಿ. ಮೊದಲ ಕೆಲಸ ಪಾಸ್‌ವರ್ಡ್ ಇಡುವುದು. ಎರಡನೆಯದು ವೈಫೈ ಪುಟದಲ್ಲಿ ದೇಶ ‘ಇಂಡಿಯಾ’ ಅಂತ ಆರಿಸುವುದು. ಯಾವ ಚಾನೆಲ್, ಎಷ್ಟು ಶಕ್ತಿ ಅನ್ನುವುದು ದೇಶದ ನಿಯಮದ ಮೇಲೆ ನಿಂತಿದೆ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಇದೆಯೇ ಅಂತ ರೂಟರ್ ಒಂದು ನಿಮಿಷ ಕಿವಿಗೊಟ್ಟು ಕೇಳಿ, ಆಮೇಲಷ್ಟೇ ಮಾತಾಡುತ್ತದೆ. ಆ ಒಂದು ನಿಮಿಷ ‘5ಜಿ ವೈಫೈ ಹೋಯ್ತು’ ಅಂತ ಗೋಳಾಡುವುದು ಬೇಡ. ಅವಸರ ಇರುವವರು 36ನೇ ಚಾನೆಲ್ ಇಟ್ಟುಕೊಳ್ಳಲಿ.

ನೆಟ್ ಬರದಿದ್ದರೆ

ಎಲ್ಲ ಸರಿಯಾಗಿ ಹಾಕಿದರೂ ನೆಟ್ ಬರದೆ ಹೋಗುವ ಒಂದು ಸನ್ನಿವೇಶ ನಮ್ಮ ಊರುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಫೈಬರ್ ಹಾಕಿದವರು ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದು ಹೋಗಿರುತ್ತಾರೆ, ಅದು ಒಎನ್‌ಟಿ. ಬಹಳಷ್ಟು ಒಎನ್‌ಟಿಗಳು ತಾವೇ ರೂಟರ್ ಆಗಿ ಕೆಲಸ ಮಾಡುತ್ತವೆ, ಅವುಗಳ ವಿಳಾಸವೂ 192.168.1.1. ಈಗ ನಮ್ಮ ಓಪನ್‌ವರ್ಟ್‌ನ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬಂದು ಸೇರುವ ಪೋರ್ಟ್) ಅದರಿಂದ ಒಂದು ವಿಳಾಸ ಸಿಗುತ್ತದೆ, 192.168.1.5 ಅಂತಿಟ್ಟುಕೊಳ್ಳಿ. ಜೊತೆಗೆ ‘ಹೊರಗೆ ಹೋಗಬೇಕಾದರೆ 192.168.1.1ರ ಮೂಲಕ ಹೋಗು’ ಅನ್ನುವ ಸೂಚನೆ. ಆದರೆ ಓಪನ್‌ವರ್ಟ್‌ನ ಲೆಕ್ಕದಲ್ಲಿ 192.168.1.1 ಅಂದರೆ ತಾನೇ! ಹೊರಗೆ ಹೋಗಬೇಕಾದ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ತನ್ನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಎರಡು ಬೀದಿಗೆ ಒಂದೇ ಹೆಸರು, ಎರಡರಲ್ಲೂ ಒಂದೇ ಮನೆ ನಂಬರ್. ಪೋಸ್ಟ್‌ಮ್ಯಾನ್ ಏನು ಮಾಡಬೇಕು?

ಪರಿಹಾರ ಅಂದರೆ ನಮ್ಮ ಬೀದಿಯ ಹೆಸರು ಬದಲಿಸುವುದು. ಲ್ಯಾನ್ ವಿಳಾಸವನ್ನು 192.168.20.1 ಅಂತ ಮಾಡಿದರೆ ಸಾಕು. ಇಲ್ಲೊಂದು ಸೂಕ್ಷ್ಮ ಇದೆ. ಲೂಸಿಯಲ್ಲಿ ‘ಸೇವ್ ಅಂಡ್ ಅಪ್ಲೈ’ ಒತ್ತಿದ ಮೇಲೆ ಅದು 90 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ನಿಮ್ಮ ಬ್ರೌಸರ್ ಮತ್ತೆ ಮುಖ ತೋರಿಸದಿದ್ದರೆ, ‘ಪಾಪ, ಇವನು ತನ್ನನ್ನೇ ಹೊರಗೆ ಹಾಕಿಕೊಂಡ’ ಅಂತ ತಿಳಿದು ಹಳೇ ಸೆಟ್ಟಿಂಗನ್ನು ತಾನೇ ವಾಪಸ್ ತರುತ್ತದೆ. ವಿಳಾಸ ಬದಲಿಸಿದಾಗ ಬ್ರೌಸರ್ ಹಳೇ ವಿಳಾಸದಲ್ಲೇ ಕಾಯುತ್ತಿರುತ್ತದೆ, ಹಾಗಾಗಿ ನೀವು ಸುಮ್ಮನೆ ಕೂತರೆ ಬದಲಾವಣೆ ಉಳಿಯುವುದಿಲ್ಲ. ಆ 90 ಸೆಕೆಂಡಿನೊಳಗೆ ಕೇಬಲ್ ಕಿತ್ತು ಹಾಕಿ ಹೊಸ ವಿಳಾಸದಲ್ಲಿ ಲಾಗಿನ್ ಆಗಬೇಕು, ಇಲ್ಲವೇ ಪರೀಕ್ಷೆ ಇಲ್ಲದೆ ಅಪ್ಲೈ ಮಾಡುವ ಆಯ್ಕೆ ಒತ್ತಬೇಕು.

ಇದಕ್ಕಿಂತ ಚೊಕ್ಕ ದಾರಿ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸುವುದು. ಆಗ ಅದು ಬರೀ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಡಬ್ಬಿ, ನೆಟ್ ಕೊಡುವವರ ಜಾಲಕ್ಕೆ ಪಿಪಿಪಿಒಇ ಅನ್ನುವ ವಿಧಾನದಲ್ಲಿ ಲಾಗಿನ್ ಮಾಡುವುದು ನಮ್ಮ ರೂಟರ್. ಹಾಗೆ ಮಾಡಲು ಬಳಕೆದಾರನ ಹೆಸರು, ಪಾಸ್‌ವರ್ಡ್, ಕೆಲವು ಕಡೆ ವಿಲ್ಯಾನ್ ಅನ್ನುವ ಗುರುತಿನ ಸಂಖ್ಯೆ ಬೇಕು. ಚಿಕ್ಕಮ್ಮನ ಮನೆಗೆ ನೆಟ್ ಕೊಟ್ಟವರ ಕಡೆಯ ಹುಡುಗ ಫೋನಿನಲ್ಲಿ ‘ಪಾಸ್‌ವರ್ಡ್ ಎಲ್ಲ ಕೊಡೋ ಹಾಗಿಲ್ಲ ಸರ್’ ಅಂದ. ಎರಡನೇ ಸಲ ಮಾಡಿದಾಗ ಬೇರೆ ಯಾರೋ ಎತ್ತಿದರು, ಎರಡೇ ನಿಮಿಷದಲ್ಲಿ ಮೆಸೇಜ್ ಕಳಿಸಿದರು. ಪಿಪಿಪಿಒಇ ಪ್ರತಿ ಪ್ಯಾಕೆಟ್‌ನಲ್ಲೂ 8 ಬೈಟ್ ತನ್ನ ಸುಂಕ ಅಂತ ತೆಗೆದುಕೊಳ್ಳುತ್ತದೆ, ಆದ್ದರಿಂದ ಪ್ಯಾಕೆಟ್‌ಗೆ 1500ರ ಬದಲು 1492 ಬೈಟ್ ಉಳಿಯುತ್ತದೆ. ಇದರ ಹೊಂದಾಣಿಕೆಯನ್ನು ಓಪನ್‌ವರ್ಟ್ ತಾನೇ ನೋಡಿಕೊಳ್ಳುತ್ತದೆ, ಕೈ ಹಾಕಬೇಕಿಲ್ಲ.

ಇಷ್ಟೆಲ್ಲ ಯಾಕೆ

ಒಂದು ಕಾರಣ ಭದ್ರತೆ. ಕಂಪನಿಗಳು ಎರಡು ಮೂರು ವರ್ಷದ ಮೇಲೆ ಹಳೇ ಮಾಡೆಲ್‌ಗಳನ್ನು ಮರೆಯುತ್ತವೆ, ತೂತುಗಳು ಹಾಗೇ ಉಳಿಯುತ್ತವೆ. ಓಪನ್‌ವರ್ಟ್ ಹತ್ತು ವರ್ಷ ಹಳೆಯ ಡಬ್ಬಿಗೂ ಹೊಸ ಕರ್ನಲ್ ಕೊಡುತ್ತದೆ.

ಆದರೆ ಚಿಕ್ಕಮ್ಮನಿಗೆ ಬೇಕಾಗಿದ್ದದ್ದು ಅದಲ್ಲ. ಅವರ ದೂರು ಬೇರೆ: ‘ಮಗ ವಿಡಿಯೋ ಕಾಲ್ ಮಾಡಿದಾಗಲೇ ಮಾತು ಕತ್ತರಿಸುತ್ತೆ, ಆ ಕಡೆ ಇವರು ಫೋಟೋ ಕಳಿಸ್ತಾ ಇರ್ತಾರೆ.’ ಇದಕ್ಕೆ ಹೆಸರು ಬಫರ್‌ಬ್ಲೋಟ್. ಜಿಮ್ ಗೆಟ್ಟಿಸ್ ಅನ್ನುವ ಎಂಜಿನಿಯರ್ ತಮ್ಮ ಮನೆಯ ನೆಟ್ಟನ್ನೇ ಬಗೆದು ನೋಡಿ ಇಟ್ಟ ಹೆಸರು. ದರ್ಶಿನಿಯ ಕೌಂಟರ್ ನೆನೆಸಿಕೊಳ್ಳಿ. ನಿಮಗೆ ಬೇಕಾಗಿರುವುದು ಒಂದು ಕಾಫಿ. ನಿಮ್ಮ ಮುಂದಿನವನು ಮದುವೆ ಮನೆಗೆ ಅಂತ ಇನ್ನೂರು ಇಡ್ಲಿ ಹೇಳಿದ್ದಾನೆ. ಕ್ಯೂ ಒಂದೇ ಆದ್ದರಿಂದ ಇನ್ನೂರನೇ ಇಡ್ಲಿ ಕಟ್ಟುವ ತನಕ ನಿಮ್ಮ ಕಾಫಿ ಇಲ್ಲ. ಇಡ್ಲಿಯವನು ಇಲ್ಲಿ ಫೋಟೋಗಳ ಅಪ್‌ಲೋಡ್, ಕಾಫಿಯವರು ವಿಡಿಯೋ ಕಾಲ್. ನೆಟ್‌ನ ವೇಗ ಕಡಿಮೆ ಇಲ್ಲ, ಕ್ಯೂ ಉದ್ದ ಇದೆ. ಹೆಚ್ಚು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿದವರೂ ಇದೇ ದೂರು ಹೇಳುವುದು ಇದಕ್ಕೇ.

ಓಪನ್‌ವರ್ಟ್‌ನಲ್ಲಿ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಹಾಕಿದರೆ ಕೇಕ್ ಎಂಬ ಕ್ಯೂ ವ್ಯವಸ್ಥೆ ಸಿಗುತ್ತದೆ. ಅದು ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದು ತಟ್ಟೆ ಕೊಡುತ್ತ ಹೋಗುತ್ತದೆ. ಇಡ್ಲಿಯವನಿಗೆ ಒಂದು ತಟ್ಟೆ, ಕಾಫಿಯವರಿಗೆ ಕಾಫಿ, ಮತ್ತೆ ಇಡ್ಲಿಗೆ. ಕಾಫಿಯವರು ಹೋದರು, ಇಡ್ಲಿಯವನಿಗೂ ಹೆಚ್ಚೇನೂ ತಡವಾಗಲಿಲ್ಲ. ಒಂದು ಷರತ್ತು: ಕ್ಯೂ ನಮ್ಮ ರೂಟರ್‌ನಲ್ಲೇ ನಿಲ್ಲಬೇಕು, ಆಚೆಯ ಡಬ್ಬಿಯಲ್ಲಿ ಅಲ್ಲ. ಅದಕ್ಕಾಗಿ ವೇಗದ ಮಿತಿಯನ್ನು ಬೇಕೆಂದೇ ಸ್ವಲ್ಪ ಕೆಳಗೆ ಇಡುತ್ತೇವೆ. 100 ಎಂಬಿಪಿಎಸ್ ಪ್ಲಾನ್ ಇದ್ದರೆ 90. ಸ್ಪೀಡ್ ಟೆಸ್ಟ್‌ನಲ್ಲಿ ಅಂಕಿ ಇಳಿಯುತ್ತದೆ, ಮನೆಯಲ್ಲಿ ನೆಟ್ ಚುರುಕಾಗುತ್ತದೆ. ಸ್ಪೀಡ್ ಟೆಸ್ಟ್ ನೋಡಿಯೇ ತೃಪ್ತಿ ಪಡುವವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಈ ಕೆಲಸಕ್ಕೆ ಪ್ರೊಸೆಸರ್ ದುಡಿಯಬೇಕು, 720 ಮೆಗಾಹರ್ಟ್ಸ್‌ಗೆ 100 ಎಂಬಿಪಿಎಸ್ ಸಲೀಸು. ಗಿಗಾಬಿಟ್ ಪ್ಲಾನ್ ಇರುವವರಿಗೆ ಈ ಆರ್ಚರ್ ಆಗುವುದಿಲ್ಲ. ಎಸ್‌ಕ್ಯೂಎಂ ಇಲ್ಲದಿದ್ದರೂ ಅಷ್ಟು ವೇಗವನ್ನು ಅದು ಬರೀ ಪ್ರೊಸೆಸರ್ ಬಲದಿಂದ ದಾಟಿಸಲಾರದು, ಬೇರೆ ಗಟ್ಟಿ ಯಂತ್ರ ನೋಡಿಕೊಳ್ಳಬೇಕು.

ಕೆಟ್ಟಾಗ

ಫೈರ್‌ವಾಲ್ ತಪ್ಪಾಗಿ ಬರೆದು ಒಳಗೆ ಹೋಗಲಾಗದೆ ಹೊರಗೆ ನಿಂತಿರಿ ಅಂದುಕೊಳ್ಳಿ. ರೂಟರ್ ಆರಿಸಿ ಹಾಕಿ. ಎದ್ದೇಳುವಾಗ ಒಂದು ಲೈಟು ಚುರುಕಾಗಿ ಮಿಟುಕಲು ಶುರು ಮಾಡಿದಾಗ ರೀಸೆಟ್ ಬಟನ್ ಒತ್ತಿದರೆ ಮಿಟುಕು ಇನ್ನೂ ಜೋರಾಗುತ್ತದೆ. ಅದು ಫೇಲ್‌ಸೇಫ್ ಮೋಡ್. ಈಗ ರೂಟರ್ ಬಟರ್ ಪೇಪರನ್ನು ಪಕ್ಕಕ್ಕಿಟ್ಟು ಬರೀ ಅಚ್ಚಾದ ಭೂಪಟದ ಮೇಲೆ ಓಡುತ್ತಿದೆ. ಲ್ಯಾಪ್‌ಟಾಪಿಗೆ ಕೈಯಾರೆ 192.168.1.2 ಕೊಟ್ಟು, 192.168.1.1ಕ್ಕೆ ಎಸ್‌ಎಸ್‌ಎಚ್ ಮಾಡಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಿಂದ ಒಳಹೊಕ್ಕು), ತಪ್ಪಾದ ಗೆರೆ ಅಳಿಸಬಹುದು. ಇಲ್ಲವಾದರೆ ಹಾಳೆಯನ್ನೇ ಹರಿದುಬಿಡಬಹುದು.

ನಡುಮನೆಯೇ ಬಿದ್ದಿದ್ದರೆ ಹೊಸ್ತಿಲಿನವನನ್ನು ಕರೆಯಬೇಕು. ಸಿ7 ಎರಡನೇ ಆವೃತ್ತಿಯ ಯು-ಬೂಟ್‌ಗೆ ಒಂದು ಒಳ್ಳೆಯ ಗುಣವಿದೆ. ರೀಸೆಟ್ ಬಟನ್ ಒತ್ತಿ ಹಿಡಿದು ಕರೆಂಟ್ ಕೊಟ್ಟರೆ ಅದು 192.168.0.66 ಅನ್ನುವ ವಿಳಾಸದಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುತ್ತದೆ. ಲ್ಯಾಪ್‌ಟಾಪಿಗೆ ಆ ವಿಳಾಸ ಕೊಟ್ಟು, ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ನಡೆಸಿ, ಅದು ಹುಡುಕುವ ನಿಗದಿತ ಹೆಸರಿನಲ್ಲಿ ಫ್ಯಾಕ್ಟರಿ ಫೈಲ್ ಇಟ್ಟಿದ್ದರೆ ತಾನೇ ಎಳೆದುಕೊಂಡು, ತಾನೇ ಬರೆದುಕೊಂಡು ಏಳುತ್ತದೆ. ವಿಂಡೋಸ್ ಫೈರ್‌ವಾಲ್ ಆರಿಸಲು ಮರೆತು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಕಂಪನಿಯ ಹಳೇ ಸಾಫ್ಟ್‌ವೇರ್‌ಗೆ ವಾಪಸ್ ಹೋಗುವವರು ಒಂದು ವಿಷಯದಲ್ಲಿ ಹುಷಾರು: ಫೈಲಿನ ಹೆಸರಿನಲ್ಲಿ ‘ಬೂಟ್’ ಅಂತ ಇದ್ದರೆ ಅದರೊಳಗೆ ಯು-ಬೂಟ್ ಕೂಡ ಸೇರಿರುತ್ತದೆ. ಅದನ್ನು ಕತ್ತರಿಸದೆ ಹಾಕಿದರೆ ಯು-ಬೂಟ್ ಹೋಗಿ ಕರ್ನಲ್ ಇರಬೇಕಾದ ಜಾಗದಲ್ಲಿ ಕೂರುತ್ತದೆ, ರೂಟರ್ ಏಳುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಡಬ್ಬಿ ಬಿಚ್ಚಿ ಯು-ಬೂಟ್ ಜೊತೆ ನೇರ ಮಾತಾಡಲು ಬೋರ್ಡಿನಲ್ಲಿರುವ ಸೀರಿಯಲ್ ಪಿನ್‌ಗಳಿಗೆ ತಂತಿ ಸಿಕ್ಕಿಸುವುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಅಂತ ಕೇಳಿದರೆ ಕೊಡುತ್ತಾರೆ. ಕೊಳ್ಳುವಾಗ 3.3 ವೋಲ್ಟಿನದೇ ಅಂತ ಖಚಿತ ಮಾಡಿಕೊಳ್ಳಬೇಕು. 5 ವೋಲ್ಟ್ ಕೊಟ್ಟರೆ ಚಿಪ್ಪೇ ಸಾಯುತ್ತದೆ, ಅದಕ್ಕೆ ಯಾವ ಹೊಸ್ತಿಲೂ ಇಲ್ಲ. ಕಳಿಸುವುದು, ಕೇಳುವುದು, ಗ್ರೌಂಡ್, ಈ ಮೂರು ತಂತಿ ಸಾಕು. ನಾಲ್ಕನೆಯದು ಕರೆಂಟಿನದು, ಅದನ್ನು ಮುಟ್ಟಬೇಡಿ.

ಮುಂದಿನ ಆವೃತ್ತಿಗೆ ಹೋಗುವಾಗ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳಬಹುದು, ಆದರೆ ನೀವು ಸೇರಿಸಿದ ಪ್ಯಾಕೇಜುಗಳು ಉಳಿಯುವುದಿಲ್ಲ. ಭೂಪಟವೇ ಹೊಸದು, ಹಳೇ ಹಾಳೆಯಿಂದ ಕೆಲವು ಗೆರೆ ಮಾತ್ರ ಎತ್ತಿ ಹೊಸ ಹಾಳೆಗೆ ಇಳಿಸುತ್ತಾರೆ. ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಅನ್ನುವ ಸೌಲಭ್ಯ ನಿಮ್ಮ ಪ್ಯಾಕೇಜುಗಳ ಪಟ್ಟಿ ನೋಡಿ ಅವನ್ನೂ ಅಚ್ಚಿನಲ್ಲೇ ಸೇರಿಸಿದ ಫೈಲನ್ನು ಸರ್ವರಿನಲ್ಲಿ ಕಟ್ಟಿಸಿ ಕೊಡುತ್ತದೆ. ಹಿಂಡಿದ ಪದರದೊಳಗೆ ಸೇರುವುದರಿಂದ ಜಾಗವೂ ಉಳಿಯುತ್ತದೆ.

ಚಿಕ್ಕಮ್ಮನ ಮನೆಯ ರೂಟರ್‌ನ ಹೊಟ್ಟೆಯ ಕೆಳಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಆವೃತ್ತಿ 2, ವಿಳಾಸ 192.168.20.1, ಸೇರಿಸಿದ ಪ್ಯಾಕೇಜ್ ಒಂದೇ, ಎಸ್‌ಕ್ಯೂಎಂ. ಅದರ ಕೆಳಗೆ ಪಿಪಿಪಿಒಇ ಹೆಸರು. ಪಾಸ್‌ವರ್ಡ್ ಬರೆದಿಲ್ಲ, ಅದು ಚಿಕ್ಕಮ್ಮನ ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿದೆ.